ಒರಳು, ರೋಲು ಮತ್ತು ಕಂಪ್ಯೂಟರ್ ಬರೆಯುವ ವಂಶವೃಕ್ಷ

ಸಿಂಧನೂರಿನಿಂದ ತುಂಗಭದ್ರಾ ಎಡದಂಡೆ ಕಾಲುವೆಯ ಗುಂಟ ಹೊರಟರೆ ಸಾಲಾಗಿ ಕ್ಯಾಂಪುಗಳು ಸಿಗುತ್ತವೆ. ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ಇಲ್ಲಿ ಭತ್ತ ಬೆಳೆದವರ ಮನೆಗಳಲ್ಲಿ ಇಂದಿಗೂ ತೆಲುಗು ನಡೆಯುತ್ತದೆ. ಪಕ್ಕದ ಊರಿನಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ನಮ್ಮ ಹಿತ್ತಲಲ್ಲಿರುವ ರುಬ್ಬುವ ಕಲ್ಲನ್ನು ನಾವು ಒರಳು ಎನ್ನುತ್ತೇವೆ, ಕ್ಯಾಂಪಿನ ಅಜ್ಜಿ ಅದನ್ನೇ ರೋಲು ಎನ್ನುತ್ತಾರೆ. ಭಾಷೆಗಳ ನಂಟನ್ನು ಲೆಕ್ಕ ಹಾಕುವ ತಂತ್ರಾಂಶಗಳಿಗೆ ಇಂಥ ಜೋಡಿಗಿಂತ ಕಠಿಣವಾದ ಪರೀಕ್ಷೆ ಇನ್ನೊಂದಿರಲಾರದು.

ಲಿಪಿ ನೋಡಿದರೆ ಕನ್ನಡಕ್ಕೆ ತೆಲುಗೇ ಹತ್ತಿರದ ಸೋದರಿ ಎನಿಸುತ್ತದೆ. ಭಾಷಾವಿಜ್ಞಾನ ಹಾಗೆ ಹೇಳುವುದಿಲ್ಲ. ಕನ್ನಡ, ತಮಿಳು, ಮಲಯಾಳ, ತುಳು ದಕ್ಷಿಣ ದ್ರಾವಿಡ ಕವಲಿಗೆ ಸೇರಿದರೆ, ತೆಲುಗು ಗೋಂಡಿ, ಕುಯಿ, ಕುವಿಗಳ ಜೊತೆ ದಕ್ಷಿಣ-ಮಧ್ಯ ಕವಲಿಗೆ ಸೇರುತ್ತದೆ. ಇದಕ್ಕೆ ಆ ಒರಳೇ ಒಂದು ಸಾಕ್ಷಿ. ಪದದ ನಡುವೆ ಇದ್ದ ರಕಾರ ತೆಲುಗಿನ ಕವಲಿನಲ್ಲಿ ಮುಂದಕ್ಕೆ ಸರಿದು ಬಂದಿದೆ: ನಮ್ಮ ಎರಡು ಅವರಲ್ಲಿ ರೆಂಡು, ನಮ್ಮ ಬೆರಳು ಅವರ ಹಳೆಯ ವ್ರೇಲು, ಈಗಿನ ವೇಲು. ಮೂಲದಲ್ಲಿದ್ದುದನ್ನು ಉಳಿಸಿಕೊಂಡಿರುವುದು ಒಂದೇ ಕವಲಿನವರೆಂಬುದಕ್ಕೆ ಆಧಾರವಾಗುವುದಿಲ್ಲ. ಒಟ್ಟಿಗೆ ಬದಲಾದದ್ದು ಆಧಾರವಾಗುತ್ತದೆ.

ಈಗ ಇದನ್ನು ಕಂಪ್ಯೂಟರಿಗೆ ಒಪ್ಪಿಸಿ ನೋಡೋಣ. ಅತ್ಯಂತ ಸರಳ ವಿಧಾನವೆಂದರೆ ಒಂದು ಪದವನ್ನು ಇನ್ನೊಂದಾಗಿಸಲು ಎಷ್ಟು ಧ್ವನಿಗಳನ್ನು ಬದಲಿಸಬೇಕೆಂದು ಎಣಿಸುವುದು. ನಮ್ಮ ಹಾಲು, ತೆಲುಗಿನ ಪಾಲು ಎಂಬಲ್ಲಿ ನಾಲ್ಕು ಧ್ವನಿಗಳ ಪೈಕಿ ಬದಲಾಗುವುದು ಒಂದೇ, ಆದ್ದರಿಂದ ನಂಟು ಸ್ಪಷ್ಟ. ಒರಳಿನಲ್ಲಿ ಐದು ಧ್ವನಿಗಳಿವೆ. ರೋಲು ಆಗುವಾಗ ರಕಾರ ಮತ್ತು ಕೊನೆಯ ಉಕಾರ ಮಾತ್ರ ಉಳಿಯುತ್ತವೆ, ಹೀಗಾಗಿ ಯಂತ್ರ ಇವೆರಡಕ್ಕೂ ಸಂಬಂಧವಿಲ್ಲವೆಂದು ತಳ್ಳಿಹಾಕುತ್ತದೆ. ಅದೇ ಯಂತ್ರ ನಮ್ಮ ಪುಸ್ತಕ ಮತ್ತು ತೆಲುಗಿನ ಪುಸ್ತಕಂ ಕಂಡು ಒಡಹುಟ್ಟಿದವೆಂದು ತೀರ್ಮಾನಿಸುತ್ತದೆ, ಆದರೆ ಅವೆರಡೂ ಸಂಸ್ಕೃತದಿಂದ ಕಡ ತಂದವು. ನೆರೆಹೊರೆಯ ಬಳಕೆಯನ್ನು ರಕ್ತಸಂಬಂಧವೆಂದು ಭಾವಿಸುವುದು ಈ ಲೆಕ್ಕಾಚಾರದ ದೊಡ್ಡ ಅಪಾಯ, ಮತ್ತು ರಾಯಚೂರಿನಂಥ ಗಡಿನಾಡಿನಲ್ಲಿ ಅದು ಇನ್ನಷ್ಟು ದೊಡ್ಡದು.

ಹೀಗಾಗಿ ಇಂದಿನ ತಂತ್ರಾಂಶಗಳು ಹೋಲಿಕೆಯನ್ನಲ್ಲ, ಹೋಲಿಕೆಯ ಕ್ರಮವನ್ನು ಹುಡುಕುತ್ತವೆ. ಹಾಲು-ಪಾಲು, ಹುಲಿ-ಪುಲಿ, ಹಲ್ಲು-ಪಲ್ಲು ಎಂದು ಹಕಾರದ ಎದುರಿಗೆ ಪಕಾರ ಪದೇ ಪದೇ ಬಂದರೆ ಅದು ಆಕಸ್ಮಿಕವಾಗಿ ಬರಬಹುದಾದದ್ದಕ್ಕಿಂತ ಹೆಚ್ಚೇ ಎಂದು ಪದಪಟ್ಟಿಗಳನ್ನು ಕಲಸಿ ಕಲಸಿ ಪರೀಕ್ಷಿಸುತ್ತವೆ. 2017ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಇಂಥ ವಿಧಾನ ತಜ್ಞರ ತೀರ್ಪನ್ನು ಸುಮಾರು 89% ಮಟ್ಟಿಗೆ ಮುಟ್ಟಿತ್ತು.

ನಂಟಿನ ಪದಗಳು ಗೊತ್ತಾದ ಮೇಲೆ ಭಾಷೆಗಳ ವಂಶವೃಕ್ಷದ ಮರ ಕಟ್ಟುವ ಕೆಲಸ. ನಾಯಿ, ಮೀನು ಎಂಬುವು ಕನ್ನಡ, ತಮಿಳುಗಳಲ್ಲಿ ಒಂದೇ ಮೂಲದವು. ತೆಲುಗಿನಲ್ಲಿ ಅವು ಕುಕ್ಕ, ಚೇಪ. ಹೀಗೆ ಪ್ರತಿಯೊಂದು ಮೂಲವೂ ಒಂದು ಭಾಷೆಯಲ್ಲಿದ್ದರೆ 1, ಇಲ್ಲದಿದ್ದರೆ 0 ಎಂದು ಕೋಷ್ಟಕ ತುಂಬುತ್ತಾರೆ. ಕಷ್ಟವಿರುವುದು ಮರಗಳ ಸಂಖ್ಯೆಯಲ್ಲಿ. ಎರಡೆರಡಾಗಿ ಕವಲೊಡೆಯುವ ಮರಗಳು ಮೂರು ಭಾಷೆಗಳಿಗೆ 3, ಆರಕ್ಕೆ 945, ಹತ್ತಕ್ಕೆ 3.4 ಕೋಟಿಗೂ ಹೆಚ್ಚು. ಭಾಷಾವಿಜ್ಞಾನಿ ಭದ್ರಿರಾಜು ಕೃಷ್ಣಮೂರ್ತಿ ಮತ್ತು ಸಂಗಡಿಗರು 1983ರಲ್ಲೇ ಗೋಂಡಿ, ಕೊಂಡ, ಕುಯಿ, ಕುವಿ, ಪೆಂಗೊ, ಮಂಡ ಎಂಬ ಆರು ಭಾಷೆಗಳನ್ನು ವಿಂಗಡಿಸಲು ಆರಿಸಿಕೊಂಡದ್ದು ಒರಳನ್ನು ರೋಲು ಮಾಡಿದ ಅದೇ ಧ್ವನಿಪಲ್ಲಟವನ್ನು ಎಂಬುದು ನನಗೆ ಅತ್ಯಂತ ಪ್ರಿಯವಾದ ಸಂಗತಿ.

2018ರಲ್ಲಿ 20 ದ್ರಾವಿಡ ಭಾಷೆಗಳ ಮೇಲೆ ನಡೆದ ಅಧ್ಯಯನ, ಮರಗಳನ್ನೆಲ್ಲ ಎಣಿಸುವ ಬದಲು ಹೆಚ್ಚು ಸಂಭವನೀಯವಾದವನ್ನು ಆರಿಸಿ ತೂಗುವ ಸಂಭಾವ್ಯತೆಯ ವಿಧಾನದಿಂದ, ಈ ಕುಟುಂಬದ ವಯಸ್ಸು ಸುಮಾರು 4,500 ವರ್ಷ ಎಂದು ಅಂದಾಜಿಸಿತು. ದಕ್ಷಿಣ, ದಕ್ಷಿಣ-ಮಧ್ಯ, ಮಧ್ಯ, ಉತ್ತರ ಎಂಬ ನಾಲ್ಕು ಮುಖ್ಯ ಕವಲುಗಳೂ ಅದರಲ್ಲಿ ಮೂಡಿಬಂದವು, ಆದರೆ ಯಾವ ಕವಲು ಯಾವುದರಿಂದ ಮೊದಲು ಬೇರಾಯಿತೆಂಬುದು ಗಟ್ಟಿಯಾಗಲಿಲ್ಲ. ಇಂಥ ಮರಕ್ಕೆ ಕಾಲದ ಮೊಳೆ ಹೊಡೆಯಲು ಇಸವಿ ತಿಳಿದ ಹಳೆಯ ಬರಹ ಬೇಕು. ನಮ್ಮ ಮಸ್ಕಿಯ ಬಂಡೆಯೂ ಕೊಪ್ಪಳದ ಗವಿಮಠದ ಬಂಡೆಯೂ ಎರಡು ಸಾವಿರ ವರ್ಷಕ್ಕೂ ಹಳೆಯವು, ಆದರೆ ಅಶೋಕ ಅಲ್ಲಿ ಬರೆಸಿದ್ದು ಪ್ರಾಕೃತವನ್ನು. ಕನ್ನಡದ ಮೊಳೆಗೆ ಅವು ಒದಗುವುದಿಲ್ಲ.

ಕಳೆದುಹೋದ ಮೂಲಪದವನ್ನು ಮರಳಿ ಕಟ್ಟುವ ಕೆಲಸವೂ ಈಗ ಯಂತ್ರದ ಪಾಲಿಗೆ ಬಂದಿದೆ. 2013ರಲ್ಲಿ ಆಗ್ನೇಯ ಏಷ್ಯಾ, ಪೆಸಿಫಿಕ್ ದ್ವೀಪಗಳ ಕಡೆಯ 637 ಆಸ್ಟ್ರೊನೇಷಿಯನ್ ಭಾಷೆಗಳಿಂದ ತಂತ್ರಾಂಶ ಕಟ್ಟಿದ ಮೂಲಪದಗಳಲ್ಲಿ 85%ಕ್ಕೂ ಹೆಚ್ಚಿನವು ವಿದ್ವಾಂಸರು ಕಟ್ಟಿದವುಗಳಿಂದ ಒಂದು ಧ್ವನಿಗಿಂತ ಹೆಚ್ಚು ದೂರವಿರಲಿಲ್ಲ. ಕನ್ನಡದಲ್ಲಿ ಇದನ್ನು ಪರೀಕ್ಷಿಸಲು ತುಂಗಭದ್ರೆಯ ದಡಕ್ಕಿಂತ ಒಳ್ಳೆಯ ಜಾಗ ನನಗೆ ತೋಚದು. ಹಳೆಯ ಪಕಾರ ಕನ್ನಡದಲ್ಲಿ ಹಕಾರವಾದ ನಿಯಮವನ್ನು ಹಿಂದಕ್ಕೆ ತಿರುಗಿಸಿದರೆ ಹಂಪೆ ಪಂಪೆಯಾಗುತ್ತದೆ, ಅದು ಸರಿ. ಆದರೆ ಬರೀ ಕನ್ನಡ ಪದಗಳನ್ನಷ್ಟೇ ಕೊಟ್ಟರೆ ಯಂತ್ರ ಸಂಸ್ಕೃತದಿಂದ ಬಂದ ಹಂಸವನ್ನೂ ಪಂಸ ಮಾಡಿಬಿಡುತ್ತದೆ. ಪಕ್ಕದ ಭಾಷೆಯ ಸಾಕ್ಷಿ, ಶಾಸನದ ಸಾಕ್ಷಿ ಎರಡನ್ನೂ ಕೊಟ್ಟಾಗ ಮಾತ್ರ ಅದು ತಡೆಯುತ್ತದೆ. ಹಂಪೆಯ ಮಟ್ಟಿಗೆ ಸಾಕ್ಷಿ ಹೊಳೆಯ ಈಚೆಗೇ ಇದೆ: ಕೊಪ್ಪಳ ಜಿಲ್ಲೆಯ ಆನೆಗುಂದಿಯ ಬಳಿಯ ಕೆರೆಯನ್ನು ಜನ ಈಗಲೂ ಪಂಪಾ ಸರೋವರ ಎಂದೇ ಕರೆಯುತ್ತಾರೆ.