ಕಲ್ಲು ಇಳಿಸಲು ಜಾಗ ಎಲ್ಲಿ?

ಬೆಂಗಳೂರಿನ ಪೀಣ್ಯದ ಹತ್ತಿರ ಒಂದು ಶೆಡ್ ಖಾಲಿಯಾಗುವುದನ್ನು ನೋಡಿದ್ದೆ. ಮೂವರು ಶಿಲ್ಪಿಗಳು ಸೇರಿ ಬಾಡಿಗೆ ಕಟ್ಟುತ್ತಿದ್ದ ಜಾಗ ಅದು. ಉಳಿ, ಸುತ್ತಿಗೆ, ಗ್ರೈಂಡರ್ ಎಲ್ಲ ಒಂದೇ ಟೆಂಪೋದಲ್ಲಿ ಹೋದವು. ಅರ್ಧ ಕೆತ್ತಿದ ಕಲ್ಲೊಂದು ಮಾತ್ರ ಅಲ್ಲೇ ಉಳಿಯಿತು. ಒಂದು ಮಗ್ಗುಲು ನುಣುಪಾಗಿತ್ತು, ಇನ್ನೊಂದು ಕ್ವಾರಿಯಿಂದ ಬಂದ ಹಾಗೇ ಇತ್ತು. ಕ್ರೇನ್ ತರಿಸುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ.

ಚಿತ್ರ ಬರೆಯುವವರು ಮನೆಯ ಒಂದು ಕೋಣೆಯಲ್ಲಿ ಹೇಗೋ ಸುಧಾರಿಸಿಕೊಳ್ಳಬಹುದು. ಶಿಲ್ಪಿಗೆ ಅದು ಆಗದ ಮಾತು. ಒಂದು ಘನ ಮೀಟರ್ ಗ್ರಾನೈಟ್ ಎರಡೂವರೆ ಟನ್‌ಗಿಂತ ಜಾಸ್ತಿ ತೂಗುತ್ತದೆ. ಲಾರಿ ಬರುವ ದಾರಿ ಬೇಕು, ತ್ರೀ ಫೇಸ್ ಕರೆಂಟ್ ಬೇಕು, ದೂಳು ಹಾರಿಹೋಗಲು ಬಯಲು ಬೇಕು. ಎರಕ ಹೊಯ್ಯುವವರಿಗೆ ಕುಲುಮೆಯೂ ಬೇಕು. ಒಬ್ಬರ ಜೇಬಿಗೆ ಎಟುಕುವ ಖರ್ಚಲ್ಲ ಇದು. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ಮನೆ ಮುಂದೆಯೇ ಕೂತು ವಿಗ್ರಹ ಕೆತ್ತುತ್ತಾರೆ. ತಲೆಮಾರುಗಳಿಂದ ಊರಿಗೆ ಊರೇ ಆ ಕಸುಬಿನದು. ಉಳಿ ಸದ್ದು ಅಲ್ಲಿ ಯಾರಿಗೂ ಸದ್ದೇ ಅಲ್ಲ. ಬೆಂಗಳೂರಿನ ಬಡಾವಣೆಯಲ್ಲಿ ಅದೇ ಸದ್ದಿಗೆ ಪಕ್ಕದ ಮನೆಯವರು ಬಾಗಿಲು ಬಡಿಯುತ್ತಾರೆ, ಅಲ್ವಾ?

ಕೂಡಿ ದುಡಿದು ಜಾಗ ಮಾಡಿಕೊಂಡವರ ಕಥೆ ನಮಗೆ ತೀರಾ ದೂರದ್ದೇನಲ್ಲ. 1966ರಲ್ಲಿ ಮದರಾಸಿನ ಹೊರಗೆ, ಸಮುದ್ರದ ದಂಡೆಯ ಇಂಜಂಬಾಕ್ಕಂನಲ್ಲಿ ಚೋಳಮಂಡಲ ಕಲಾವಿದರ ಗ್ರಾಮ ಹುಟ್ಟಿತು. ಮುಂದೆ ನಿಂತವರು ಕೆ.ಸಿ.ಎಸ್. ಪಣಿಕ್ಕರ್, ಅಲ್ಲಿನ ಸರ್ಕಾರಿ ಕಲಾ ಕಾಲೇಜಿನ ಪ್ರಾಂಶುಪಾಲರು. ಓದು ಮುಗಿಸಿದ ಹುಡುಗರು ಹೊಟ್ಟೆಪಾಡಿಗೆ ಬೇರೆ ಕೆಲಸ ಹಿಡಿಯುವುದು ಅವರನ್ನು ಚುಚ್ಚುತ್ತಿತ್ತು. ಹುಡುಗರು ಬಾಟಿಕ್ ಬಟ್ಟೆ, ಕರಕುಶಲ ವಸ್ತು ಮಾಡಿ ಮಾರಿದರು. ಬಂದ ದುಡ್ಡಿನಲ್ಲಿ ನೆಲ ಕೊಂಡರು. ಒಂದು ಕಸುಬು ಅನ್ನ ಹಾಕಿತು, ಇನ್ನೊಂದಕ್ಕೆ ಬಿಡುವು ಸಿಕ್ಕಿತು. ಪಿ.ವಿ. ಜಾನಕಿರಾಮ್, ಎಸ್. ನಂದಗೋಪಾಲ್ ಅವರಂಥ ಶಿಲ್ಪಿಗಳು ಲೋಹದ ತಗಡನ್ನು ಬಡಿದು, ಬೆಸೆದು ಮೂರ್ತಿ ಮಾಡಿದ್ದು ಅಲ್ಲೇ. ಮೈಸೂರಿನ ಎಸ್.ಜಿ. ವಾಸುದೇವ್ ಕೂಡ ಆ ಗ್ರಾಮ ಕಟ್ಟಿದವರಲ್ಲಿ ಒಬ್ಬರು. ಮುಂದೆ ಅವರು ಬೆಂಗಳೂರಿಗೆ ಬಂದು ನೆಲೆಸಿದರು.

ಬೆಂಗಳೂರಿನಲ್ಲೂ ಕಲಾವಿದರು ಸುಮ್ನೆ ಕೂತವರಲ್ಲ. ಆರ್.ಎಂ. ಹಡಪದ್ 1968ರಲ್ಲಿ ಕೆನ್ ಕಲಾಶಾಲೆ ಕಟ್ಟಿದರು. 2001ರಲ್ಲಿ ‘ಬಾರ್ ಒನ್’ ಎಂಬ ಕಲಾವಿದರ ವೇದಿಕೆ ಬಂತು, 2003ರಲ್ಲಿ ‘ಒನ್ ಶಾಂತಿರೋಡ್’ ಎಂಬ ಕಲಾ ಕೇಂದ್ರ. 2009ರಲ್ಲಿ ಜೆ.ಸಿ. ರಸ್ತೆಯ ಎ.ಡಿ.ಎ. ರಂಗಮಂದಿರದಲ್ಲಿ ‘ಸಮೂಹ’ ಶುರುವಾಯಿತು. ಕಲಾವಿದರೇ ನಡೆಸಿದ ಈ ಜಾಗ ಒಂದು ವರ್ಷಕ್ಕೂ ಸ್ವಲ್ಪ ಜಾಸ್ತಿ ಕಾಲ ನಡೆದು ನಿಂತಿತು. 2016ರಲ್ಲಿ ವೆಂಕಟಪ್ಪ ಚಿತ್ರಶಾಲೆಯನ್ನು ಖಾಸಗಿಯವರ ಕೈಗೆ ಕೊಡುವ ಒಪ್ಪಂದದ ವಿರುದ್ಧ ಬೀದಿಗಿಳಿದವರೂ ಕಲಾವಿದರೇ. ಒಗ್ಗಟ್ಟು ನಮ್ಮಲ್ಲಿ ಇದೆ ಅನ್ನುವುದಕ್ಕೆ ನನಗೆ ಅಷ್ಟು ಸಾಕು.

ಆದರೆ ಇವುಗಳಲ್ಲಿ ಹೆಚ್ಚಿನವು ಪ್ರದರ್ಶನ, ಮಾತುಕತೆ, ಕಲಿಕೆಯ ಜಾಗಗಳು. ಎರಡು ಟನ್ ಕಲ್ಲು ಇಳಿಸಿ ಆರು ತಿಂಗಳು ಕೆತ್ತುವ ಜಾಗಗಳಲ್ಲ. ಅಂಥ ಜಾಗಕ್ಕೆ ಒಂದು ದಾರಿ ಸಹಕಾರ ಸಂಘ. ಅದು ನಮಗೆ ಹೊಸದೂ ಅಲ್ಲ. ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು 1905ರಲ್ಲೇ ರೈತರಿಗಾಗಿ ಒಂದನ್ನು ಕಟ್ಟಿ ತೋರಿಸಿದ್ದರು. ಹಾಲಿಗೆ, ಮನೆ ಸೈಟಿಗೆ, ನೇಕಾರರಿಗೆ ಸಂಘಗಳಿವೆ. ನಗರದ ಶಿಲ್ಪಿಗಳೂ ಷೇರು ಹಾಕಿ ಊರಾಚೆ ಒಂದು ತುಂಡು ನೆಲ, ಒಂದು ಕುಲುಮೆ, ಭಾರ ಎತ್ತಲು ಒಂದು ಚೈನ್ ಬ್ಲಾಕ್ ಮಾಡಿಕೊಳ್ಳಬಹುದು. ಬಾಡಿಗೆ ಶೆಡ್ ಬೇಡ. ಪೀಣ್ಯದ ಆ ಮೂವರಲ್ಲಿ ಒಬ್ಬರು ಈಗ ತಮ್ಮ ಮನೆಯ ಟೆರೇಸಿನ ಮೇಲೆ ಕೈಯಗಲದ ಮಣ್ಣಿನ ಮೂರ್ತಿ ಮಾಡುತ್ತಿದ್ದಾರೆ. ಉಳಿಗಳೆಲ್ಲ ಗೋಣಿಚೀಲದಲ್ಲಿವೆ.