ಕಾರ್ಟಿಸಾಲ್ ಮೊದಲೋ, ಥೈರಾಯ್ಡ್ ಮೊದಲೋ?

ಪ್ರಶ್ನೆ: ಸದಾ ಸುಸ್ತು. ಕಾರ್ಟಿಸಾಲ್ 4.2 ಬಂದಿದೆ, ಟಿಎಸ್ಎಚ್ ಸ್ವಲ್ಪ ಹೆಚ್ಚಿದೆ. ಒತ್ತಡದಿಂದ ಅಡ್ರಿನಲ್ ಗ್ರಂಥಿ ದಣಿದಿದೆ, ಅಶ್ವಗಂಧ ಸಾಕು ಎನ್ನುತ್ತಾರೆ. ಯಾವುದಕ್ಕೆ ಮೊದಲು ಚಿಕಿತ್ಸೆ?

ಉತ್ತರ: ಕಾರ್ಟಿಸಾಲ್ ಎಂದರೆ ಕಿಡ್ನಿಗಳ ಮೇಲೆ ಕೂತ ಅಡ್ರಿನಲ್ ಗ್ರಂಥಿಯ ಹಾರ್ಮೋನ್. ಟಿಎಸ್ಎಚ್ ಎಂದರೆ ಥೈರಾಯ್ಡನ್ನು ದುಡಿಸಲು ಮೆದುಳಿನಡಿಯ ಪಿಟ್ಯುಟರಿ ಗ್ರಂಥಿ ಕಳುಹಿಸುವ ಹಾರ್ಮೋನ್; ಥೈರಾಯ್ಡ್ ಕುಂದಿದರೆ ಅದು ಏರುತ್ತದೆ. ಕಾರ್ಟಿಸಾಲೂ ಥೈರಾಯ್ಡ್ ಹಾರ್ಮೋನೂ ನಿಜವಾಗಿಯೇ ಕಡಿಮೆಯಿದ್ದರೆ ಕಾರ್ಟಿಸಾಲ್ ಮೊದಲು, ಥೈರಾಯ್ಡ್ ಆಮೇಲೆ. ಇದನ್ನು ಬರೆದು ಬರೆದು ನನಗೆ ಸಾಕಾಗಿದೆ, ಪ್ರಶ್ನೆ ಮಾತ್ರ ನಿಂತಿಲ್ಲ. ಥೈರಾಕ್ಸಿನ್ (ಥೈರಾಯ್ಡ್ ಹಾರ್ಮೋನಿನ ಮಾತ್ರೆ) ಸೇವಿಸಿದಾಗ ದೇಹ ಕಾರ್ಟಿಸಾಲನ್ನು ಒಡೆದು ಹೊರಹಾಕುವ ವೇಗವೂ ಹೆಚ್ಚುತ್ತದೆ. ಇರುವ ಚೂರುಪಾರೂ ಬೇಗ ಖರ್ಚಾದರೆ ರಕ್ತದೊತ್ತಡ ಕುಸಿದು, ವಾಂತಿ ಹತ್ತಿ, ರೋಗಿಯ ಪ್ರಾಣಕ್ಕೇ ಕುತ್ತು. ಇನ್ನೊಂದು ವಿಷಯ: ಕಾರ್ಟಿಸಾಲ್ ಕೊರತೆಯೇ ಟಿಎಸ್ಎಚ್ ಅನ್ನು ತುಸು ಏರಿಸಬಲ್ಲದು. ಕೊರತೆ ನೀಗಿದ ಮೇಲೆ ಅದು ತಾನಾಗಿ ಇಳಿದು, ಥೈರಾಯ್ಡ್ ಮಾತ್ರೆಯೇ ಬೇಡವಾಗುವುದೂ ಉಂಟು. ಹಾಗೆಂದು ಈಗಾಗಲೇ ಮಾತ್ರೆ ತೆಗೆದುಕೊಳ್ಳುತ್ತಿರುವವರು ಇದನ್ನು ಓದಿ ನಿಲ್ಲಿಸಿಬಿಡಬೇಡಿ, ವೈದ್ಯರನ್ನು ಕೇಳಿ.

ನೀವು ಕಳುಹಿಸಿದ ವರದಿಯಲ್ಲಿ, ಹೆಸರಿನ ಕೆಳಗೆ, ಯಾರೂ ಓದದ ಸಣ್ಣ ಅಕ್ಷರಗಳಲ್ಲಿ ರಕ್ತ ತೆಗೆದ ಸಮಯವಿದೆ: ಸಂಜೆ 5.40. ಕಾರ್ಟಿಸಾಲ್ ಬೆಳಗಿನ ಹೊತ್ತು ಏರಿರುತ್ತದೆ, ನಡುರಾತ್ರಿಗೆ ತಳ ಮುಟ್ಟುತ್ತದೆ. ಸಂಜೆಯ 4.2ರಿಂದ ಏನನ್ನೂ ತೀರ್ಮಾನಿಸಲಾಗದು. ಬೆಳಿಗ್ಗೆ 8ರ ರಕ್ತದಲ್ಲಿ ಡೆಸಿಲೀಟರಿಗೆ 3 ಮೈಕ್ರೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಬಹುತೇಕ ಖಚಿತ, 18 ದಾಟಿದ್ದರೆ ಬಹುತೇಕ ಇಲ್ಲ. ನಡುವಿನವರಿಗೆ ಎಸಿಟಿಎಚ್ (ಅಡ್ರಿನಲ್ಲಿಗೆ ದುಡಿಯೆಂದು ಪಿಟ್ಯುಟರಿ ಕಳುಹಿಸುವ ಹಾರ್ಮೋನ್) ಚುಚ್ಚುಮದ್ದು ಕೊಟ್ಟು ಗ್ರಂಥಿ ಎಷ್ಟು ಸ್ಪಂದಿಸುತ್ತದೆಂದು ನೋಡಬೇಕು. ಗರ್ಭನಿರೋಧಕ ಮಾತ್ರೆ ನುಂಗುವವರು ಅದನ್ನು ಮೊದಲೇ ಹೇಳಬೇಕು. ಅದರಲ್ಲಿರುವ ಈಸ್ಟ್ರೋಜನ್‌ನಿಂದ ಅಂಕಿ ಸುಳ್ಳೇ ಏರಿ ಕಾಣುತ್ತದೆ.

ಇನ್ನು ‘ದಣಿದ ಅಡ್ರಿನಲ್’. ಈ ಹೆಸರನ್ನು 1998ರಲ್ಲಿ ಚಾಲ್ತಿಗೆ ತಂದವರು ಅಮೆರಿಕದ ಪ್ರಕೃತಿ ಚಿಕಿತ್ಸಕ ಜೇಮ್ಸ್ ವಿಲ್ಸನ್. ಒತ್ತಡ ಹೆಚ್ಚಾದಂತೆ ಗ್ರಂಥಿ ದುಡಿದು ದುಡಿದು ಬರಿದಾಗುತ್ತದೆ ಎಂಬುದು ವಾದ. ಕೇಳಲು ಸೊಗಸು, ಆದರೆ ದೇಹ ನಡೆದುಕೊಳ್ಳುವುದು ಇದಕ್ಕೆ ಪೂರ್ತಿ ಉಲ್ಟಾ. ಕುಶಿಂಗ್ ಕಾಯಿಲೆಯನ್ನು ನೋಡಿ. ಪಿಟ್ಯುಟರಿಯ ಸಣ್ಣದೊಂದು ಗಡ್ಡೆ ಎಸಿಟಿಎಚ್ ಸುರಿಸುತ್ತಾ ಅಡ್ರಿನಲನ್ನು ವರ್ಷಗಟ್ಟಲೆ ಹಗಲೂ ರಾತ್ರಿ ದುಡಿಸುತ್ತದೆ. ಯಾವ ಕಚೇರಿಯ ಒತ್ತಡವೂ ಅಷ್ಟು ದುಡಿಸದು. ಗ್ರಂಥಿ ದಣಿಯುತ್ತದೆಯೇ? ಇಲ್ಲ, ದಪ್ಪವಾಗುತ್ತದೆ, ಕಾರ್ಟಿಸಾಲ್ ಉಕ್ಕಿ ಹರಿಯುತ್ತದೆ. 2016ರಲ್ಲಿ ಬ್ರೆಜಿಲ್‌ನ ಇಬ್ಬರು ಸಂಶೋಧಕರು 58 ಅಧ್ಯಯನಗಳನ್ನು ಜಾಲಾಡಿ, ಇಂಥ ಕಾಯಿಲೆಗೆ ಪುರಾವೆಯೇ ಇಲ್ಲ ಎಂದರು. ನಿಮ್ಮ ಸುಸ್ತು ಸುಳ್ಳೆಂದು ನಾನು ಹೇಳುತ್ತಿಲ್ಲ. ರಕ್ತಹೀನತೆಯೋ ನಿದ್ರೆಯ ತೊಂದರೆಯೋ ಖಿನ್ನತೆಯೋ ಇರಬಹುದು. ಈ ಹಣೆಪಟ್ಟಿ ಅಂಟಿದ ಮೇಲೆ ಅವನ್ನು ಹುಡುಕುವವರೇ ಇರುವುದಿಲ್ಲ.

ಇದರ ತಮ್ಮನೊಬ್ಬನಿದ್ದಾನೆ: ಒತ್ತಡದಲ್ಲಿ ಕಾರ್ಟಿಸಾಲ್ ತಯಾರಿಸಲು, ಎರಡಕ್ಕೂ ಕಚ್ಚಾವಸ್ತುವಾದ ಪ್ರೆಗ್ನೆನೊಲೋನ್ ‘ಕಳುವಾಗಿ’ ಸ್ತ್ರೀ ಹಾರ್ಮೋನ್ ಪ್ರೊಜೆಸ್ಟರೋನ್ ಕಡಿಮೆಯಾಗುತ್ತದೆಯಂತೆ. ಪ್ರೊಜೆಸ್ಟರೋನ್ ಮುಖ್ಯವಾಗಿ ಅಂಡಾಶಯದ ತಯಾರಿ, ಕಾರ್ಟಿಸಾಲ್ ಅಡ್ರಿನಲ್ಲಿನದು. ಕಚ್ಚಾವಸ್ತು ಆಯಾ ಜೀವಕೋಶದೊಳಗೇ ಸಿದ್ಧವಾಗುತ್ತದೆ. ಪಕ್ಕದ ಮನೆಯವರು ಹೆಚ್ಚು ದೋಸೆ ಹುಯ್ದರೆಂದು ನಿಮ್ಮ ಮನೆಯ ಹಿಟ್ಟು ಖಾಲಿಯಾಗುತ್ತದೆಯೇ?

ಅಶ್ವಗಂಧದ ಕತೆ ಇನ್ನೂ ತಮಾಷೆ. ಕಾರ್ಟಿಸಾಲ್ ಇಳಿಸುತ್ತದೆ ಎಂದೇ ಅದರ ಜಾಹೀರಾತು. ಕಡಿಮೆಯಿದ್ದವರಿಗೂ ಅದನ್ನೇ ಕೊಡುವುದು ಯಾವ ನ್ಯಾಯ? ತಮಾಷೆಯಲ್ಲದ ಸಂಗತಿಯೂ ಇದೆ. ಅಮೆರಿಕದಲ್ಲಿ ‘ಅಡ್ರಿನಲ್‌ಗೆ ಬಲ’ ಎಂದು ಮಾರುತ್ತಿದ್ದ 12 ಪೂರಕಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನ್ ಇತ್ತು, ಹಲವದರಲ್ಲಿ ಸ್ಟೀರಾಯ್ಡ್ ಕೂಡ.

ಅಡ್ರಿನಲ್ ನಿಜವಾಗಿ ಕೆಟ್ಟಾಗಿನ ಚಿತ್ರವೇ ಬೇರೆ. ಲಂಡನ್ನಿನ ಥಾಮಸ್ ಅಡಿಸನ್ 1855ರಲ್ಲೇ ಅದನ್ನು ಬರೆದಿಟ್ಟ. ತೂಕ ಇಳಿಯುತ್ತದೆ, ಅಂಗೈ ಗೆರೆಗಳೂ ಒಸಡೂ ಕಪ್ಪಾಗುತ್ತವೆ, ಉಪ್ಪಿಗಾಗಿ ನಾಲಿಗೆ ಚಡಪಡಿಸುತ್ತದೆ. ನಮ್ಮಲ್ಲಿ ಕ್ಷಯವೂ ಇದಕ್ಕೊಂದು ಕಾರಣ. ಚಿಕಿತ್ಸೆ ಸರಳ: ದಿನಕ್ಕೆ 15ರಿಂದ 25 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ (ಮಾತ್ರೆಯ ರೂಪದ ಕಾರ್ಟಿಸಾಲ್), ದೊಡ್ಡ ಪಾಲು ಎದ್ದ ಕೂಡಲೇ, ಉಪ್ಪಿನ ಸಮತೋಲಕ್ಕೆ ಫ್ಲುಡ್ರೋಕಾರ್ಟಿಸೋನ್. ಜ್ವರ ಬಂದರೆ ಪ್ರಮಾಣ ಎರಡು-ಮೂರು ಪಟ್ಟು, ವಾಂತಿಯಾದರೆ ಚುಚ್ಚುಮದ್ದು. ಸಂಧಿನೋವಿಗೋ ಉಬ್ಬಸಕ್ಕೋ ತಿಂಗಳುಗಟ್ಟಲೆ ಸ್ಟೀರಾಯ್ಡ್ ನುಂಗಿ ಥಟ್ಟನೆ ನಿಲ್ಲಿಸಿದವರಲ್ಲೂ ಕಾರ್ಟಿಸಾಲ್ ಕುಸಿಯುತ್ತದೆ.

ಯಾರೂ ಕೇಳದ ಒಂದು ಪ್ರಶ್ನೆಗೂ ಉತ್ತರಿಸಿಬಿಡುತ್ತೇನೆ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ, ಎದೆಹಾಲು ಬಾರದೆ, ಮುಟ್ಟೂ ಮರಳದ ತಾಯಿಯ ಸುಸ್ತಿಗೆ ವರ್ಷಗಟ್ಟಲೆ ಟಾನಿಕ್ ಕುಡಿಸುತ್ತಾರೆ. ಅದು ಶೀಹನ್ ಸಿಂಡ್ರೋಮ್ ಇರಬಹುದು: ರಕ್ತ ಸಾಲದೆ ಪಿಟ್ಯುಟರಿಯೇ ಸತ್ತಿರುತ್ತದೆ. ಎಸಿಟಿಎಚ್ ಇಲ್ಲದ್ದರಿಂದ ಇಲ್ಲಿ ಚರ್ಮ ಕಪ್ಪಾಗುವುದಿಲ್ಲ, ಬಿಳಿಚಿಕೊಳ್ಳುತ್ತದೆ. ಟಿಎಸ್ಎಚ್ ಸರಿಯಿದ್ದಂತೆ ಕಾಣುವುದರಿಂದ ‘ಥೈರಾಯ್ಡ್ ಸರಿಯಾಗಿದೆ’ ಎಂದು ಮನೆಗೆ ಕಳುಹಿಸುತ್ತಾರೆ. ಫ್ರೀ ಟಿ4 (ರಕ್ತದಲ್ಲಿ ಬಿಡಿಯಾಗಿರುವ ಥೈರಾಯ್ಡ್ ಹಾರ್ಮೋನ್) ನೋಡಿದರೆ ಮಾತ್ರ ಕೊರತೆ ಸಿಗುತ್ತದೆ. ಇವರಿಗೂ ಹೈಡ್ರೋಕಾರ್ಟಿಸೋನ್ ಮೊದಲು, ಥೈರಾಕ್ಸಿನ್ ಕೆಲವು ದಿನಗಳ ನಂತರ, ಅದರ ಪ್ರಮಾಣವನ್ನು ಸರಿಹೊಂದಿಸುವುದೂ ಟಿ4 ನೋಡಿಯೇ. ಫ್ಲುಡ್ರೋಕಾರ್ಟಿಸೋನ್ ಸಾಮಾನ್ಯವಾಗಿ ಬೇಕಿಲ್ಲ, ಏಕೆಂದರೆ ಉಪ್ಪಿನ ಹಾರ್ಮೋನಿಗೆ ಅಪ್ಪಣೆ ಹೋಗುವುದು ಮುಖ್ಯವಾಗಿ ಕಿಡ್ನಿಯಿಂದ, ಪಿಟ್ಯುಟರಿಯಿಂದಲ್ಲ.