ಮುಳುಗಿದ ಹಡಗಿನ ಸರಕು ಎತ್ತೋ ಕಂಪನಿ ಶೇರು: ಮೊದಲು ನೋಡಬೇಕಾದ್ದು ಸರಕು ಯಾರದು ಅಂತ

ಕಲಬುರಗಿಯಾಗ ನಾವು ಶೇರು ಮಾರ್ಕೆಟ್ ಓದೋರು ಕೂಡಿದ್ರ ಮಾತು ಬರೋದು ಬ್ಯಾಂಕು, ತೊಗರಿ ರೇಟು, ಸಿಮೆಂಟು ಇಷ್ಟೇ (ಸೇಡಂ ಕಡಿಯವ್ರು ಒಬ್ಬರು ಇದ್ರೂ ಸಾಕು ಸಿಮೆಂಟು ಬಂದೇ ಬರ್ತದ). ಈ ಸಲ ಯಾದಗಿರಿ ಹುಡುಗ ಒಬ್ಬ ಸಮುದ್ರದ ತಳದಾಗಿಂದ ಬೆಳ್ಳಿ ಬಂಗಾರ ಎತ್ತೋ ಕಂಪನಿ ಶೇರು ಹ್ಯಾಂಗ ಅಂತ ಕೇಳ್ದ, ಎಲ್ರೂ ನಕ್ರು, ಆದ್ರ ಪ್ರಶ್ನೆ ಛಲೋ ಅದ. ಒಂದು ಧಂದೆ ಹ್ಯಾಂಗ ನಡೀತದ ಅಂತ ಓದೋದು ಕಲಿಯಾಕ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗೋದು ಕಷ್ಟ, ಅದಕ್ಕ ನೋಟ್ಸ್ ಮಾಡೀನಿ.

ಈ ಧಂದೆದ ಹಳೆ ರೂಲ್ ಏನಂದ್ರ ಸರಕು ಕೈಗೆ ಬಂದ್ರ ಮಾತ್ರ ರೊಕ್ಕ, ಬರ್ಲಿಲ್ಲಂದ್ರ ಸೊನ್ನಿ. ನಮ್ ಕಡಿ ಬೋರ್‌ವೆಲ್ ಹೊಡಿಸಿದ್ರ ನೀರು ಬೀಳಲಿ ಬಿಡಲಿ ಗಾಡಿಯವಗ ಫೂಟಿನ ಲೆಕ್ಕದಾಗ ಕೊಡ್ಲೇಬೇಕು, ಇಲ್ಲಿ ಪೂರ್ತಿ ಉಲ್ಟಾ. 1989ರ ಅಂತಾರಾಷ್ಟ್ರೀಯ ಸಾಲ್ವೇಜ್ (ಹಡಗು, ಸರಕು ಉಳಿಸಿ ಎತ್ತೋ ಕೆಲಸ) ಒಪ್ಪಂದದಾಗೂ ಇದೇ ಅದ. ಇನ್ನೊಂದು, ಹಡಗು ಮುಳುಗಿದ ಕೂಡ್ಲೇ ಸರಕಿನ ಮಾಲಕಿ ಮುಳುಗಂಗಿಲ್ಲ. ಹುಡುಕಿ ಎತ್ತಿದವಗ ಸಿಗೋದು ಬಕ್ಷೀಸು, ಸರಕಲ್ಲ. ಇದೊಂದು ತಲಿಯಾಗ ಇಟ್ಕೊಂಡ್ರ ಮುಂದಿನದೆಲ್ಲ ಅರ್ಥ ಆಗ್ತದ.

ಒಂದೇ ಕಂಪನಿದು ಎರಡು ಕೇಸ್ ತಗೊಳ್ರಿ. ಅಮೆರಿಕಾದ ಫ್ಲೋರಿಡಾದಾಗಿರೋ ಒಡಿಸ್ಸಿ ಮರೀನ್ ಎಕ್ಸ್‌ಪ್ಲೊರೇಷನ್, ಲಿಸ್ಟೆಡ್ ಅಂದ್ರ ಶೇರು ಮಾರ್ಕೆಟ್‌ನಾಗ ಸಿಗೋ ಕಂಪನಿ. 2007ರಾಗ ಅವ್ರು ಅಟ್ಲಾಂಟಿಕ್‌ನಾಗ ಸುಮಾರು 17 ಟನ್ ನಾಣ್ಯ ಸಿಕ್ಕಾವ ಅಂತ ಹೇಳಿದ್ರು, ಸುಮಾರು 6 ಲಕ್ಷ ನಾಣ್ಯ, 50 ಕೋಟಿ ಡಾಲರ್ ಬಾಳ್ತಾವ ಅಂತ ಪೇಪರ್ ತುಂಬ ಸುದ್ದಿ, ಶೇರು ಜಿಗೀತು. ಸ್ಪೇನ್ ದೇಶ ಅಮೆರಿಕಾದ ಕೋರ್ಟಿಗೆ ಹೋತು. ಅದು 1804ರಾಗ ಇಂಗ್ಲಿಷರ ಜೋಡಿ ಕಾಳಗದಾಗ ಮುಳುಗಿದ ಸ್ಪೇನಿನ ಮೆರ್ಸೆಡಿಸ್ ಅನ್ನೋ ಯುದ್ಧ ಹಡಗು, ಸರ್ಕಾರಿ ಹಡಗಿಗೆ ಬ್ಯಾರೆ ದೇಶದ ಕೋರ್ಟು ಕೈ ಹಚ್ಚಂಗಿಲ್ಲ ಅಂತ ವಾದ. ಅಮೆರಿಕಾ ಕೋರ್ಟು ಸ್ಪೇನ್ ಕಡಿ ಆತು, 2012ರ ಫೆಬ್ರವರಿಯಾಗ ಸ್ಪೇನಿನ ಎರಡು ಮಿಲಿಟರಿ ವಿಮಾನ ಬಂದು ನಾಣ್ಯ ಹೊತ್ಕೊಂಡು ಹೋದ್ವು. ಹುಡುಕಿದ ಕಂಪನಿಗೆ ಬಕ್ಷೀಸೂ ಇಲ್ಲ.

ಅದೇ ಕಂಪನಿ, ಅದೇ ವರ್ಷ, ಇನ್ನೊಂದು ಹಡಗು ಗೇರ್‌ಸೊಪ್ಪ. ಹೌದ್ರಿ, ನಮ್ಮ ಉತ್ತರ ಕನ್ನಡದ ಗೇರುಸೊಪ್ಪದ್ದೇ ಹೆಸರು, ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಅನ್ನೋ ಕಂಪನಿ ಹಡಗು. 1940ರ ಡಿಸೆಂಬರ್‌ನಾಗ ಕಲ್ಕತ್ತಾದಿಂದ ಚಹಾಪುಡಿ, ಬೀಡು ಕಬ್ಬಿಣ, ಬೆಳ್ಳಿ ತುಂಬ್ಕೊಂಡು ಹೊಂಟಿತ್ತು, 1941ರ ಫೆಬ್ರವರಿಯಾಗ ಐರ್ಲೆಂಡ್ ಹತ್ರ ಜರ್ಮನ್ ಸಬ್‌ಮರೀನ್ ಹೊಡೆದು ಮುಳುಗಿಸ್ತು. ಬೆಳ್ಳಿಗೆ ಯುದ್ಧದ ಇನ್ಶೂರೆನ್ಸ್ ಕೊಟ್ಟಿದ್ದು ಬ್ರಿಟನ್ ಸರ್ಕಾರ, ಕ್ಲೇಮು ಕೊಟ್ಟ ಮ್ಯಾಲ ಬೆಳ್ಳಿ ಸರ್ಕಾರದ್ದೇ ಆತು. ಹಂಗಾಗಿ ಒಡಿಸ್ಸಿಯವ್ರು ಈ ಸಲ ಮೊದಲೇ ಸರ್ಕಾರದ ಜೋಡಿ ಕರಾರು ಮಾಡ್ಕೊಂಡ್ರು. ಖರ್ಚು ಕಂಪನಿದು, ಮಾರಿದ ರೊಕ್ಕದಾಗ ಖರ್ಚು ತೆಗೆದು ಉಳಿದದ್ದರಾಗ 80% ಕಂಪನಿಗೆ, 20% ಸರ್ಕಾರಕ್ಕ. 4,700 ಮೀಟರ್ ಆಳ, ಮನುಷ್ಯ ಇಳಿಯೋ ಮಾತೇ ಇಲ್ಲ, ಕೇಬಲ್‌ಗೆ ಕಟ್ಟಿದ ರೋಬೋಟ್ ಇಳಿಸಿ ಮ್ಯಾಲಿಂದ ನಡೆಸ್ತಾರ. 2012ರಾಗ 1,218 ಗಟ್ಟಿ, 2013ರಾಗ 1,574 ಗಟ್ಟಿ, ಎರಡೂ ಕೂಡಿ 110 ಟನ್ನಿನ ಹತ್ರ ಬೆಳ್ಳಿ ಮ್ಯಾಲ ಬಂತು. ಮಾಲಕಿ ಮ್ಯಾಲ ಸರ್ಕಾರದ ಜೋಡಿ ಜಗಳ ಬರ್ಲಿಲ್ಲ.

ಆದ್ರ ಇಲ್ಲೇ ಒಂದು ಲೆಕ್ಕ ಕಲಿಯೋದು ಅದ. ಆ 80% ಅನ್ನೋದು ಒಟ್ಟು ಮಾರಾಟದ ಮ್ಯಾಲ ಅಲ್ಲ, ಖರ್ಚು ಕಳೆದ ಮ್ಯಾಲ. ತಿಳಕೊಳ್ಳಾಕ ಸುಮ್ನ ಒಂದು ಲೆಕ್ಕ ಹಿಡೀರಿ, ಬೆಳ್ಳಿ ಮಾರಿ 100 ಬಂತು, ಹಡಗು ಬಾಡಿಗಿ ಡೀಸೆಲ್ ಪಗಾರ ಎಲ್ಲಾ ಕೂಡಿ 60, ಉಳೀತು 40, ಕಂಪನಿ ಪಾಲು 32. ಈಗ ಬೆಳ್ಳಿ ರೇಟು 30% ಬಿತ್ತು ಅಂದ್ರ ಬರೋದು 70, ಖರ್ಚು ಮಾತ್ರ 60ಕ್ಕೇ ನಿಂತದ, ಉಳಿದದ್ದು 10, ಪಾಲು 8. ರೇಟು 30% ಬಿದ್ದದ್ದಕ್ಕ ಪಾಲಿನಾಗ ಮುಕ್ಕಾಲು ಹೋತು ನೋಡ್ರಿ! ಇದು ಬರೀ ಕಾಗದದ ಲೆಕ್ಕ ಅಲ್ಲ, 2011ರ ಏಪ್ರಿಲ್‌ನಾಗ ಬೆಳ್ಳಿ ಔನ್ಸಿಗೆ 48 ಡಾಲರ್ ತನಕ ಹೋಗಿತ್ತು, ಎರಡನೇ ಸಲ ಗಟ್ಟಿ ಎತ್ತೋ ಹೊತ್ತಿಗೆ 20 ಡಾಲರ್ ಹತ್ರ ಇಳಿದಿತ್ತು. ಅಂದ್ರ ಈ ಶೇರು ತಗೊಂಡವ ತನಗ ಗೊತ್ತಿಲ್ದಂಗ ಬೆಳ್ಳಿ ರೇಟಿನ ಮ್ಯಾಲೂ ಬಾಜಿ ಕಟ್ಟಿರ್ತಾನ.

ಕರಾರಿಲ್ದೆ ಎತ್ತಿದ್ರ ಏನಾಗ್ತದ ಅನ್ನೋದಕ್ಕ ಹೊಸ ಕೇಸ್ ತಿಲಾವಾ ಹಡಗಿಂದು. 1942ರ ನವೆಂಬರ್‌ನಾಗ ಮುಂಬೈಯಿಂದ ಆಫ್ರಿಕಾಕ್ಕ ಹೊಂಟಾಗ ಜಪಾನ್ ಸಬ್‌ಮರೀನ್ ಮುಳುಗಿಸಿದ್ದು, 280 ಮಂದಿ ಸತ್ರು, ಬಾಳಷ್ಟು ನಮ್ಮವ್ರೇ. ಅದ್ರಾಗ 2,364 ಬೆಳ್ಳಿ ಗಟ್ಟಿ ಇದ್ವು, ದಕ್ಷಿಣ ಆಫ್ರಿಕಾದ ಸರ್ಕಾರ ನಾಣ್ಯ ಮಾಡಾಕ ತರಿಸಿದ್ದು. ಅರ್ಜೆಂಟಮ್ ಅನ್ನೋ ಕಂಪನಿ 2017ರಾಗ ಎತ್ತಿ ಇಂಗ್ಲೆಂಡಿಗೆ ಒಯ್ದು ಬಕ್ಷೀಸು ಕೇಳ್ತು, ಕೆಳಗಿನ ಎರಡು ಕೋರ್ಟಿನಾಗ ಗೆದ್ದಿತು, 2024ರ ಮೇ ತಿಂಗಳಾಗ ಬ್ರಿಟನ್ ಸುಪ್ರೀಂ ಕೋರ್ಟು ದಕ್ಷಿಣ ಆಫ್ರಿಕಾ ಕಡಿ ತೀರ್ಪು ಕೊಟ್ತು. ತೀರ್ಪಿಗಿಂತ ಸ್ವಲ್ಪ ಮೊದಲು ಇಬ್ರೂ ರಾಜಿ ಆಗಿದ್ರು ಬಿಡ್ರಿ, ಆದ್ರ ಏಳು ವರ್ಷ ರೊಕ್ಕ ಸಿಕ್ಕಿಬಿದ್ದಿತ್ತಲ್ಲ, ಅದಕ್ಕ ಬಡ್ಡಿ ಕೊಡೋರು ಯಾರು? ಹೂಡಿಕೆದಾರ.

ಎಲ್ಲಕ್ಕಿಂತ ನನ್ನ ತಲಿಯಾಗ ಕೂತದ್ದು ಮಾತ್ರ ಸೆಂಟ್ರಲ್ ಅಮೆರಿಕಾ ಅನ್ನೋ ಹಡಗಿನ ಕಥಿ, ಯಾಕಂದ್ರ ಇದ್ರಾಗ ಸರಕು ಸಿಕ್ತು, ಕೋರ್ಟಿನಾಗೂ ಗೆದ್ರು, ಆದ್ರೂ ರೊಕ್ಕ ಹಾಕಿದವ್ರಿಗೆ ಏನೂ ಬರ್ಲಿಲ್ಲ. 1857ರಾಗ ಕ್ಯಾಲಿಫೋರ್ನಿಯಾ ಬಂಗಾರ ಹೊತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕು ಮುಳುಗಿತ್ತು. ಟಾಮಿ ಥಾಂಪ್ಸನ್ ಅನ್ನೋ ಇಂಜಿನಿಯರ್ 161 ಮಂದಿ ಕಡಿಂದ 1.27 ಕೋಟಿ ಡಾಲರ್ ಕೂಡಿಸಿ 1988ರಾಗ ಹುಡುಕ್ದ. ಸುದ್ದಿ ಹೊರಗ ಬಿದ್ದ ಕೂಡ್ಲೇ 39 ಇನ್ಶೂರೆನ್ಸ್ ಕಂಪನಿಗಳು ನಾವು 130 ವರ್ಷದ ಹಿಂದೇ ಕ್ಲೇಮು ಕೊಟ್ಟೀವಿ, ಬಂಗಾರ ನಮ್ದು ಅಂತ ಬಂದ್ವು. ವರ್ಷಗಟ್ಟಲೆ ಕೇಸ್ ನಡೆದು ಸುಮಾರು 92% ಹುಡುಕಿದವ್ರಿಗೇ ಅಂತ ಆತು. 2000ನೇ ಇಸವಿಯಾಗ ಬಂಗಾರ ಸುಮಾರು 5 ಕೋಟಿ ಡಾಲರ್‌ಗೆ ಮಾರಿದ್ರು. ಅದೆಲ್ಲಾ ಸಾಲಕ್ಕ, ವಕೀಲರಿಗೆ ಹೋತು ಅಂದ್ರು. 2005ರಾಗ ಹೂಡಿಕೆದಾರ್ರು ಕೇಸ್ ಹಾಕಿದ್ರು, ಮುಂದ 2012ರಾಗ ಆ ಮನುಷ್ಯ ಕೋರ್ಟಿಗೆ ಬರ್ದೆ ತಲಿ ಮರೆಸಿದ, 2015ರಾಗ ಫ್ಲೋರಿಡಾದ ಹೋಟೆಲ್‌ನಾಗ ಸಿಕ್ಕ, 500 ಬಂಗಾರ ನಾಣ್ಯ ಎಲ್ಲವ ಅಂತ ಹೇಳಲಾರದ್ದಕ್ಕ ವರ್ಷಗಟ್ಟಲೆ ಜೈಲಿನಾಗಿದ್ದ. ಇಲ್ಲಿ ರಿಸ್ಕ್ ಸಮುದ್ರದ್ದಲ್ಲ, ಪ್ರಮೋಟರ್‌ದು, ಅಂದ್ರ ಕಂಪನಿ ಕಟ್ಟಿ ನಡೆಸೋವಂದು.

ನಮ್ಮಂಥವ್ರಿಗೆ ತಗೊಳ್ಳಾಕ ಇದ್ರಾಗ ಏನದ ಅಂದ್ರ ಭಾಳ ಕಮ್ಮಿ. ಸಿಟಿ ಆಫ್ ಕೈರೋ ಅನ್ನೋ ಹಡಗಿನಿಂದ ನಮ್ಮ ಬೆಳ್ಳಿ ರೂಪಾಯಿ ನಾಣ್ಯ 5,150 ಮೀಟರ್ ಆಳದಾಗಿಂದ ಎತ್ತಿದ್ದು ಡೀಪ್ ಓಷನ್ ಸರ್ಚ್ ಅನ್ನೋ ಖಾಸಗಿ ಕಂಪನಿ, ಅರ್ಜೆಂಟಮ್ಮೂ ಖಾಸಗಿನೇ, ನಮಗ ಬಾಗಿಲಿಲ್ಲ. ಒಡಿಸ್ಸಿ ಲಿಸ್ಟೆಡ್ ಖರೆ, ಆದ್ರ ಇಷ್ಟು ಬೆಳ್ಳಿ ಎತ್ತಿದ ಮ್ಯಾಲೂ 2016ರಾಗ 12 ಶೇರು ಕೂಡಿಸಿ 1 ಮಾಡಿದ್ರು, ಮುಂದ ಸಮುದ್ರ ತಳದ ಖನಿಜದ ಕಡಿ ಹೊಳ್ಳಿದ್ರು. ಚಾರ್ಟ್ ನೋಡೋ ಮುಂದ ಇದು ನೆನಪಿರಲಿ, ಹಳೆ ರೇಟು 12 ಪಟ್ಟು ಮಾಡಿ ಹೊಂದಿಸಿ ತೋರಸ್ತಾರ. ಎಲ್‌ಆರ್‌ಎಸ್ (ಹೊರದೇಶಕ್ಕ ರೊಕ್ಕ ಕಳಿಸೋ ರಿಸರ್ವ್ ಬ್ಯಾಂಕಿನ ಸ್ಕೀಮು) ಒಳಗ ವರ್ಷಕ್ಕ 2.5 ಲಕ್ಷ ಡಾಲರ್ ತನಕ ಹೊರಗ ಕಳಿಸಾಕ ಬರ್ತದ, ಆದ್ರ ಒಂದೇ ಒಂದು ವಿದೇಶಿ ಶೇರು ಇದ್ರೂ ಐಟಿ ರಿಟರ್ನ್‌ನಾಗ ಶೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿ ತೋರಿಸೋ ಭಾಗ) ತುಂಬೋದು ಬಿಡಬ್ಯಾಡ್ರಿ.

ಯಾದಗಿರಿ ಹುಡುಗಗ ನಾ ಹೇಳಿದ್ದು ಇಷ್ಟೇ, ಕಂಪನಿ ವಾರ್ಷಿಕ ವರದಿ ತಗಿ, ನಿಧಿ ಅನ್ನೋ ಜಾಗಾ ಬಿಟ್ಟು ಮೊದಲು ಕೋರ್ಟ್ ಕೇಸಿನ ಪುಟ ಓದು, ಆಮ್ಯಾಲ ಐದು ವರ್ಷದಾಗ ಒಟ್ಟು ಶೇರು ಎಷ್ಟಿದ್ದದ್ದು ಎಷ್ಟಾಗ್ಯಾವ ನೋಡು. ಹಡಗು ಹುಡುಕಾಕ ಹೋಗೋ ಪ್ರತಿ ಸಲ ಹೊಸ ಶೇರು ಮಾರಿ ರೊಕ್ಕ ತಂದಿದ್ರ ಬೆಳ್ಳಿ ಸಿಕ್ಕ ದಿನಕ್ಕ ನಿನ್ನ ಪಾಲು ಎಷ್ಟು ಸಣ್ಣದಾಗಿರ್ತದ ಅಂತ ನೀನೇ ಭಾಗಾಕಾರ ಮಾಡು ಅಂತ.